ಸಾಡೇ ರಸ್ತೆಯ ಋಣ



ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಸಾಡೇ ರಸ್ತೆ ಎಂಬುದೊಂದಿದೆ. ಶಾಸನಗಳಲ್ಲಿ ಬರುವ ದಾನಿಗಳ ಹೆಸರನ್ನು ದಶಕಗಳ ಕಾಲ ವಿದ್ಯಾರ್ಥಿಗಳಿಗೆ ವಿವರಿಸಿದ ನಾನು, ದಿನವೂ ಹಾದುಹೋಗುತ್ತಿದ್ದ ಈ ರಸ್ತೆಯ ಹೆಸರು ಯಾರದೆಂದು ಬಹುಕಾಲ ವಿಚಾರಿಸಲೇ ಇಲ್ಲ.

ಜಾರ್ಜ್ ಸಾಡೇ ವೆಸ್ಲಿಯನ್ ಮಿಷನ್ನಿನ ಪಾದ್ರಿಗಳು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸೀಮೆಗೆ ಬಂದವರು. ಅದೇ ಮಿಷನ್ನಿನ ಹೆನ್ರಿ ಹೇಗ್ 1887ರಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಆರಂಭಿಸಿದರು. ಸಾಹಿತ್ಯದವರಾದ ನಾವು ಹೇಗರನ್ನು ನೆನೆಯುತ್ತೇವೆ. ಅಚ್ಚಾದ ಅಕ್ಷರ ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಸಾಡೇಯವರ ಕೆಲಸ ಪುಟದ ಮೇಲೆ ಉಳಿಯುವಂಥದಲ್ಲ.

ಪುರುಷ ವೈದ್ಯರು ಮುಟ್ಟಬಾರದೆಂಬ ಸಂಕೋಚಕ್ಕೆ ಎಷ್ಟೋ ಹೆಂಗಸರು ಹೆರಿಗೆಯಲ್ಲಿ ಪ್ರಾಣ ಕಳೆದುಕೊಳ್ಳುತ್ತಿದ್ದ ಕಾಲವದು. ಅಂಥ ಸಾವುಗಳನ್ನು ಕಣ್ಣಾರೆ ಕಂಡ ಐಡಾ ಸ್ಕಡರ್ ವೈದ್ಯವಿದ್ಯೆ ಕಲಿತು ವೆಲ್ಲೂರಿನಲ್ಲಿ ಸೇವೆಗೆ ನಿಂತದ್ದು ಲೋಕಪ್ರಸಿದ್ಧ. ಮೈಸೂರಿನಲ್ಲಿ ಸಾಡೇಯವರ ಪ್ರಯತ್ನದಿಂದ 1906ರಲ್ಲಿ, ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಅವರ ಸ್ಮರಣೆಗಾಗಿ ಆಸ್ಪತ್ರೆಯೊಂದು ತೆರೆಯಿತು. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಬಳಿಕ ಅದು ಆ ಸಭೆಗೆ ಸೇರಿತು.

ನಾನು ಹುಟ್ಟಿದ್ದು ಅಲ್ಲಿಯೇ. ನಮ್ಮ ತಾಯಿಯ ಚೊಚ್ಚಲ ಮಗು ಮನೆಯ ಹೆರಿಗೆಯಲ್ಲಿ ತೀರಿಕೊಂಡಿತ್ತು. ಆದರೂ ಎರಡನೆಯ ಹೆರಿಗೆಗೆ ಮಿಷನ್ ಆಸ್ಪತ್ರೆಯೆಂದಾಗ ಅಜ್ಜಿ ಒಪ್ಪಲಿಲ್ಲವಂತೆ. ಜಾತಿ ಕೆಡುವುದೆಂಬ ಭಯ. ಕೊನೆಗೆ ತಾನೇ ಗಂಗಾಜಲದ ತಂಬಿಗೆ ಹಿಡಿದು ಜಟಕಾ ಏರಿ ಬಂದರು. ರಾತ್ರಿಯಿಡೀ ದಾದಿಯೊಬ್ಬಳು ತಾಯಿಯ ಕೈಬಿಡದೆ ಕುಳಿತಿದ್ದಳು. ಬೆಳಗಿನ ಜಾವ ನಾನು ಅತ್ತೆನಂತೆ. ತಂಬಿಗೆಯ ಮುಚ್ಚಳ ತೆರೆಯಲೇ ಇಲ್ಲ.

ಅಂದಿನಿಂದ ಪ್ರತಿ ದೀಪಾವಳಿಗೆ ಆ ವಾರ್ಡಿಗೆ ನಮ್ಮ ಮನೆಯಿಂದ ಕಜ್ಜಾಯದ ಡಬ್ಬಿ ಹೋಗುತ್ತಿತ್ತು. ಯಾರಾದರೂ ಆಕ್ಷೇಪಿಸಿದರೆ ಅಜ್ಜಿಯ ಉತ್ತರ ಒಂದೇ: “ಅವರ ದೇವರು ಅವರಿಗೆ, ನಮ್ಮ ದೇವರು ನಮಗೆ. ಬಾಣಂತಿಗೆ ಬಿಸಿನೀರು ಕೊಟ್ಟ ಕೈಗೆ ಯಾವ ಜಾತಿಯಪ್ಪ?”

ಸಾಡೇಯವರು ತಮ್ಮ ಧರ್ಮವನ್ನು ಸಾರಲೆಂದೇ ಬಂದವರು, ಅದನ್ನು ಮರೆಮಾಚಬೇಕಾಗಿಲ್ಲ. ನಮ್ಮ ಮನೆಯವರು ಮತಾಂತರಗೊಳ್ಳಲಿಲ್ಲ. ಅವರಿಗೆ ಕೃತಘ್ನರೂ ಆಗಲಿಲ್ಲ. ಆದರೆ ಅಜ್ಜಿಗೆ ಸಾಡೇಯವರ ಹೆಸರು ಗೊತ್ತಿರಲಿಲ್ಲ, ಋಣ ಗೊತ್ತಿತ್ತು. ನಾನು ಹೆಸರನ್ನು ತಿಳಿದುಕೊಂಡೆ. ಅಜ್ಜಿ ಹೋದಮೇಲೆ ಆ ಡಬ್ಬಿ ಕಳುಹಿಸುವುದನ್ನು ನಿಲ್ಲಿಸಿದವನೂ ನಾನೇ.

ಮುಂದಿನ ದೀಪಾವಳಿಗೆ ಅದು ಮತ್ತೆ ಹೊರಡಲಿದೆ.