ಬರೀ ‘ಸೂಪರ್’ ಅನ್ನಬೇಡಿ

ರಾಜೋಳಿ, ಗದ್ವಾಲ, ಮಕ್ತಲ, ನಾರಾಯಣಪೇಟೆಯ ಹುಡುಗ ಹುಡುಗಿಯರೇ, ಗೇಮ್ ಮಾಡಬೇಕಾದರೆ ಹೈದರಾಬಾದಿಗೋ ಬೆಂಗಳೂರಿಗೋ ಹೋಗಲೇಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗೊಡೋ ಎಂಬ ಗೇಮ್ ಎಂಜಿನ್ ಪೂರ್ತಿ ಉಚಿತ. 2014ರಿಂದ ಅದರ ಸೋರ್ಸ್ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಹಳೇ ಲ್ಯಾಪ್‌ಟಾಪ್‌ನಲ್ಲೂ ಎರಡು ಲೆವೆಲ್‌ನ ಗೇಮ್ ಆಗುತ್ತದೆ. ನಮ್ಮಲ್ಲಿ ಕೊರತೆ ಇರುವುದು ಅರ್ಧ ಆದ ಗೇಮನ್ನು ನಾಚದೆ ಇನ್ನೊಬ್ಬರ ಕೈಗೆ ಕೊಡುವ ಧೈರ್ಯಕ್ಕೆ. ಕೊಟ್ಟಾಗ ನೆಟ್ಟಗೆ ಮಾತಾಡುವವರಿಗೆ ಅದಕ್ಕಿಂತ ದೊಡ್ಡ ಬರ.

ವಾಟ್ಸಾಪ್ ಗ್ರೂಪಿನಲ್ಲಿ ಗೇಮ್ ಹಾಕಿದರೆ ಏನು ಬರುತ್ತದೆ? ‘ಭಾರಿ ಅದ ಅಣ್ಣಾ’, ‘ಬೆಂಕಿ’, ನಾಲ್ಕು ಹೆಬ್ಬೆಟ್ಟು. ಪ್ರೀತಿ ದೊಡ್ಡದೇ, ಆದರೆ ಅದರಿಂದ ಒಂದು ಬಗ್ ಕೂಡ ಹೋಗುವುದಿಲ್ಲ. ‘ಚೆನ್ನಾಗಿಲ್ಲ’ ಎಂಬುದೂ ಅಷ್ಟೇ ದಂಡ. ತಪ್ಪು ಎಲ್ಲಿದೆ ಎಂದು ತೋರಿಸಬೇಕು.

ರಾಜೋಳಿಯ ಮಗ್ಗದ ಮನೆಗಳಲ್ಲಿ ಈ ಪಾಠ ಹೊಸದಲ್ಲ. ಗದ್ವಾಲ ಸೀರೆಯ ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕೂಡಿಸಬೇಕು. ನೋಡುವವರು ಸೀರೆ ಬಿಚ್ಚಿ ಆ ಸೇರುವ ಜಾಗಕ್ಕೇ ಬೆರಳಿಡುತ್ತಾರೆ: ‘ಇಲ್ಲಿ ಸಡಿಲಾಗ್ಯಾದ.’ ಗೇಮ್‌ಗೂ ಅಂಥ ಬೆರಳು ಬೇಕು. ‘ಎರಡನೇ ಲೆವೆಲ್‌ನಲ್ಲಿ ಬಾಗಿಲ ಮುಂದೆ ನಿಂತೆ, ಕೀಲಿ ಎಲ್ಲಿ ಅಂತ ತಿಳಿಯಲಿಲ್ಲ, ಹಿಂದೆ ಹೋಗಿ ಹುಡುಕಿ ಬೇಸರವಾಗಿ ಬಿಟ್ಟೆ’ ಎಂದು ಹೇಳಿ. ಯಾವ ಫೋನು, ಏನು ಒತ್ತಿದಿರಿ, ಏನಾಗುತ್ತದೆ ಅಂದುಕೊಂಡಿರಿ, ಏನಾಯಿತು, ಇಷ್ಟನ್ನು ಬರೆದು ಕೊಡಿ. ಪರಿಹಾರ ಸೂಚಿಸುವ ಉತ್ಸಾಹ ಸ್ವಲ್ಪ ತಡೆಯಿರಿ. ಎಲ್ಲಿ ಎಡವಿದಿರಿ ಎಂಬುದು ನಿಮಗೇ ಗೊತ್ತು, ಏಕೆ ಎಡವಿದಿರಿ ಎಂಬುದನ್ನು ಮಾಡಿದವನು ಹುಡುಕಲಿ.

ಇನ್ನು ಗೇಮ್ ಮಾಡಿದವನ ಪಾಲು. ಇದು ಕಷ್ಟದ್ದು. ಗೇಮೇ ಗೊತ್ತಿಲ್ಲದವರ ಕೈಗೆ ಫೋನ್ ಕೊಟ್ಟು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಳ್ಳಬೇಕು. ಅವ್ವನ ಹೆಬ್ಬೆರಳು ಮೂಲೆಯ ಬಟನ್ ತಪ್ಪಿಸಿ ಮತ್ತೆ ಮತ್ತೆ ಖಾಲಿ ಜಾಗ ಒತ್ತುವಾಗ ‘ಅಲ್ಲಲ್ಲ, ಇಲ್ಲಿ’ ಎನ್ನಲು ನಾಲಿಗೆ ತುರಿಸುತ್ತದೆ. ಅನ್ನಬೇಡಿ. ಗೇಮ್ ಡೌನ್‌ಲೋಡ್ ಮಾಡಿಕೊಂಡವರೆಲ್ಲರ ಪಕ್ಕ ಕೂತು ಹೇಳಿಕೊಡಲು ನಿಮ್ಮಿಂದಾಗದು. ಬಟನ್ ದೊಡ್ಡದು ಮಾಡಿ. ಮಗ್ಗದ ಮೇಲೇ ಒಂದು ಗೇಮ್ ಮಾಡುವವರಿದ್ದರೆ (ಯಾರಾದರೂ ಮಾಡಬಾರದೇ?) ತಾತನಿಗೆ ತೋರಿಸಿ, ಲಾಳಿ ಹಾಗೆ ಓಡುವುದಿಲ್ಲ ಎಂದು ಅವರೊಬ್ಬರೇ ಹೇಳಬಲ್ಲರು.

ಹೆಸರಾದ ಗೇಮ್ ತಂಡಗಳಿಗೂ ಟೀಕೆ ಕೇಳಿ ತಿದ್ದುವುದು ತಪ್ಪಿದ್ದಲ್ಲ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ‘ರಾಜಿ: ಆನ್ ಏನ್ಷಂಟ್ ಎಪಿಕ್’ ಗೇಮ್‌ಗಾಗಿ 2017ರಲ್ಲಿ ಜನರಿಂದ ಹಣ ಕೂಡಿಸಲು ಹೊರಟು ಗುರಿ ಮುಟ್ಟಲಿಲ್ಲ. ಆದರೂ 2020ರಲ್ಲಿ ಗೇಮ್ ಹೊರಬಂತು. ಚಿತ್ರಣವನ್ನು ಹೊಗಳಿದ ವಿಮರ್ಶಕರು ಕಾಳಗದ ಭಾಗದಲ್ಲಿ, ಕಥೆ ಥಟ್ಟನೆ ಮುಗಿಯುವುದರಲ್ಲಿ ಕೊರತೆ ಕಂಡರು. ತಂಡ ಕೈತೊಳೆದುಕೊಳ್ಳಲಿಲ್ಲ, 2022ರಲ್ಲಿ ಕಾಳಗವನ್ನು ತಿದ್ದಿ, ಹಿಂದಿ ಧ್ವನಿಯನ್ನೂ ಸೇರಿಸಿ ಹೊಸ ಆವೃತ್ತಿ ತಂದಿತು. ಅಮೆರಿಕದ ಸೂಪರ್‌ಜಯಂಟ್ ಗೇಮ್ಸ್ ಇನ್ನೂ ಮುಂದೆ ಹೋಯಿತು. ‘ಹೇಡೀಸ್’ ಗೇಮನ್ನು 2018ರ ಡಿಸೆಂಬರ್‌ನಲ್ಲಿ ಅರೆಬರೆಯಾಗಿಯೇ ಮಾರಾಟಕ್ಕಿಟ್ಟು, ಆಡಿದವರ ಮಾತು ಕೇಳುತ್ತ ತಿದ್ದಿ, 2020ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಮಾಡಿತು.

ಆಡಿದವರು ಹೇಳಿದ್ದೆಲ್ಲ ಒಪ್ಪಬೇಕೆಂದಿಲ್ಲ. ಒಬ್ಬನೇ ಹೇಳಿದರೆ ಅದು ಅವನ ರುಚಿ ಇರಬಹುದು; ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರು ಅದೇ ಜಾಗದಲ್ಲಿ ನಿಂತರೆ ತಪ್ಪು ಗೇಮಿನದು. ವಾದಕ್ಕೆ ಇಳಿಯದೆ ಬರೆದುಕೊಳ್ಳಿ, ರಾತ್ರಿ ಕಳೆಯಲಿ, ಆಮೇಲೆ ಕೋಡ್ ತೆರೆಯಿರಿ.

2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜಾಮ್ ಎಂಬ ಗೇಮ್ ಮಾಡುವವರ ಕೂಟ ಪ್ರತಿ ಜನವರಿ ಬರುತ್ತದೆ. ಲೋಕದ ಯಾವ ಮೂಲೆಯವರೂ ಸೇರಬಹುದು. ಅಷ್ಟರೊಳಗೆ ಒಂದು ಸಣ್ಣ ಗೇಮ್ ಮಾಡಿ. ಕನ್ನಡದಲ್ಲಿ ಮಾಡಿ, ತೆಲುಗು ಬೇಕಾದರೆ ಪಕ್ಕದಲ್ಲಿ ಇರಲಿ. ಮಾಡಲಾಗದವರು ಗೆಳೆಯನ ಗೇಮನ್ನು ಕೊನೆಯವರೆಗೆ ಆಡಿ, ಎಲ್ಲಿ ನಿಂತಿರಿ ಎಂದು ಒಂದು ಪುಟ ಬರೆದು ಅವನ ಕೈಗಿಡಿ.