ನಾಳೆ ಬಾ



ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಹೊರಟರೆ, ರಾಮನಗರ ದಾಟಿ ಚನ್ನಪಟ್ಟಣ ಮುಟ್ಟುವ ಮೊದಲು ಕೆಂಗಲ್ ಸಿಗುತ್ತದೆ. ರಸ್ತೆಯ ಮಗ್ಗುಲಲ್ಲೇ ಆಂಜನೇಯನ ಗುಡಿ. ಜನವರಿಯಲ್ಲಿ ಅಲ್ಲಿ ದನಗಳ ಜಾತ್ರೆ ನೆರೆಯುತ್ತದೆ. ಕತ್ತಲೆಯಲ್ಲಿ ನಡೆಯುವಾಗ ಹೆದರಿಕೆಯಾದರೆ ಆಂಜನೇಯನ ಹೆಸರು ಹೇಳಿಕೊಳ್ಳಬೇಕೆಂದು ನಮ್ಮ ಕಡೆ ಮಕ್ಕಳಿಗೆ ಕಲಿಸುತ್ತಾರೆ. ಅಂಥ ದೇವರ ಕೂಗಳತೆಯಲ್ಲಿದ್ದ ನಮ್ಮ ಹಳ್ಳಿಯಲ್ಲೇ 1990ರ ದಶಕದ ಒಂದು ಬೇಸಿಗೆಯಲ್ಲಿ ಮನೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದ ಮೂರಕ್ಷರ ಕಾಣಿಸಿಕೊಂಡವು: ನಾಳೆ ಬಾ.

ನಿಮ್ಮ ತಂದೆತಾಯಿಯರನ್ನು ಕೇಳಿ ನೋಡಿ. ಬೆಂಗಳೂರಿನ ಸುತ್ತಮುತ್ತ ಮತ್ತು ಕರ್ನಾಟಕದ ಇನ್ನೂ ಅನೇಕ ಕಡೆ ಆ ವರ್ಷಗಳಲ್ಲಿ ಹಬ್ಬಿದ್ದ ಮಾತು ಇದು. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬಾಗಿಲು ತಟ್ಟುತ್ತದೆ, ನಿಮಗೆ ಪರಿಚಯವಿದ್ದವರ ದನಿಯಲ್ಲೇ ಕೂಗುತ್ತದೆ, ತೆರೆದರೆ ಪ್ರಾಣ ಉಳಿಯುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಮಾತ್ರ ಅದು ಓದಿಕೊಂಡು ಹಿಂತಿರುಗುತ್ತದೆ. ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ, ಮತ್ತೆ ಹಿಂತಿರುಗುತ್ತದೆ.

ಆಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ನಮ್ಮ ಬೀದಿಯ ಆರೇಳು ಮನೆಗಳಿಗೆ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಅಜ್ಜಿ ಜಗಲಿಯ ಮೇಲೆ ಕೂತು ನೋಡುತ್ತಿದ್ದವರು, ‘ಅಲ್ಲ ಕಣ್ಲಾ, ನಂಗೇ ಓದಕ್ಕೆ ಬರಕ್ಕಿಲ್ಲ, ಅದುಕ್ಕೆ ಯಾವ ಇಸ್ಕೂಲಲ್ಲಿ ಕಲಿಸುದ್ರು?’ ಎಂದರು. ಬೀದಿಯೆಲ್ಲ ನಕ್ಕಿತು. ನಕ್ಕವರೇ ಸಂಜೆಯಾಗುತ್ತಲೂ ಅಗುಳಿ ಹಾಕಿಕೊಂಡು ಮಲಗಿದರು. ನಗುವೂ ಭಯವೂ ಒಂದೇ ಬೀದಿಯಲ್ಲಿ ಒಂದೇ ದಿನ ಹೀಗೆ ಒಟ್ಟಿಗೆ ಇರಬಲ್ಲವು ಎಂಬುದನ್ನು ನಾನು ಕಂಡದ್ದು ಅಂದು. ಇವತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಎರಡನ್ನೂ ಹಿಡಿದು ಮಾಡಿದ ಒಂದು ಚಲನಚಿತ್ರದ ಬಗ್ಗೆ.

ಚಿತ್ರದ ಹೆಸರು ‘ಸ್ತ್ರೀ’. ಹಿಂದಿ ಭಾಷೆಯದು. 2018ರ ಆಗಸ್ಟ್ 31ರಂದು ತೆರೆಕಂಡಿತು. ನಿರ್ದೇಶಕ ಅಮರ್ ಕೌಶಿಕ್ ಅವರಿಗೆ ಅದು ಮೊದಲ ಕಥಾಚಿತ್ರ. ಕಥೆ ರಾಜ್ ಮತ್ತು ಡಿ.ಕೆ. ಜೋಡಿಯದು. ಹಿಂದಿ ಚಿತ್ರವನ್ನು ಇಲ್ಲೇಕೆ ಎತ್ತಿಕೊಂಡೆನೆಂದು ನೀವು ಕೇಳಬಹುದು. ಅದರ ಬೀಜ ನಮ್ಮ ಬಾಗಿಲುಗಳ ಮೇಲಿನ ಆ ಮೂರಕ್ಷರ. ಮಧ್ಯಪ್ರದೇಶದ ಚಂದೇರಿ ಎಂಬ ಊರಿಗೆ ಆ ಕಥೆಯನ್ನು ಒಯ್ದು, ಗೋಡೆಗಳ ಮೇಲೆ ‘ಓ ಸ್ತ್ರೀ, ನಾಳೆ ಬಾ’ ಎಂದು ಹಿಂದಿಯಲ್ಲಿ ಬರೆಸಿದ್ದಾರೆ. ನಮ್ಮ ಕಡೆಯ ರಾಮದೇವರ ಬೆಟ್ಟದ ಬಂಡೆಗಳನ್ನು ‘ಶೋಲೆ’ ಚಿತ್ರ ಎರವಲು ಪಡೆದದ್ದು ಎಲ್ಲರಿಗೂ ಗೊತ್ತು, ಆ ಬಗ್ಗೆ ಹೆಮ್ಮೆಯೂ ಉಂಟು. ನಮ್ಮ ದೆವ್ವವೂ ಎರವಲು ಹೋದದ್ದನ್ನು ಬಹಳ ಮಂದಿ ಗಮನಿಸಿಲ್ಲ.

ಕಥೆ ಸರಳ. ಚಂದೇರಿಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ದಿನದ ಉತ್ಸವ. ಆ ನಾಲ್ಕು ರಾತ್ರಿ ಸ್ತ್ರೀ ಬರುತ್ತಾಳೆ. ಅವಳು ಒಯ್ಯುವುದು ಗಂಡಸರನ್ನು ಮಾತ್ರ. ಅವರ ಬಟ್ಟೆ ಮಾತ್ರ ಬೀದಿಯಲ್ಲಿ ಉಳಿಯುತ್ತದೆ. ರಾಜ್‌ಕುಮಾರ್ ರಾವ್ ಅಭಿನಯಿಸಿರುವ ನಾಯಕ ವಿಕ್ಕಿ ಒಬ್ಬ ದರ್ಜಿ. ಅವನಿಗೆ ಇಬ್ಬರು ಗೆಳೆಯರು. ಉತ್ಸವದ ಸಮಯದಲ್ಲಷ್ಟೇ ಊರಿಗೆ ಬಂದು ಹೋಗುವ, ತನ್ನ ಹೆಸರನ್ನೇ ಹೇಳದ ಒಬ್ಬ ತರುಣಿ. ಆ ಪಾತ್ರ ಶ್ರದ್ಧಾ ಕಪೂರ್ ಅವರದು. ಪಂಕಜ್ ತ್ರಿಪಾಠಿ ಅವರ ರುದ್ರ ಊರಿನ ಪಂಡಿತ. ಈ ದೆವ್ವದ ಗುಣಲಕ್ಷಣಗಳನ್ನು ಅವನು ಪಾಠ ಮಾಡುವ ಮೇಷ್ಟ್ರಂತೆ ವಿವರಿಸುತ್ತಾನೆ: ಆಕೆ ಓದು ಬಲ್ಲವಳು, ಬರೆದದ್ದನ್ನು ಪಾಲಿಸುವವಳು, ಯಾರನ್ನೂ ಒಪ್ಪಿಗೆಯಿಲ್ಲದೆ ಮುಟ್ಟುವವಳಲ್ಲ. ಹಿಂದಿನಿಂದ ಕರೆಯುತ್ತಾಳೆ, ತಿರುಗಿ ನೋಡಿದವನನ್ನು ಒಯ್ಯುತ್ತಾಳೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಗು ಎಲ್ಲಿಂದ ಬಂತು? ದೆವ್ವ ಓದುತ್ತದೆ ಎನ್ನುವುದರಿಂದ. ಓದಿ, ಓದಿದ ಮಾತಿಗೆ ಮರ್ಯಾದೆ ಕೊಡುತ್ತದೆ ಎನ್ನುವುದರಿಂದ. ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಸಾಲ’ ಎಂಬ ಹಲಗೆ ನೋಡಿದ್ದೀರಷ್ಟೆ? ಸಾಲ ಕೇಳಲು ಬಂದವನು ಅದನ್ನೋದಿ ಹಲ್ಲುಕಿರಿದು ಹಿಂತಿರುಗುತ್ತಾನೆ. ಬಾಗಿಲ ಮೇಲಿನ ಬರಹವೂ ಅದೇ ಉಪಾಯ. ಸಾಲಗಾರನಿಗೆ ಹೇಳುವ ಮಾತನ್ನೇ ಸಾವಿಗೂ ಹೇಳಿದ ಯಾರೋ ಒಬ್ಬ ಹೆಸರಿಲ್ಲದ ಹಳ್ಳಿಯವನ ಬುದ್ಧಿಗೆ ನಾನು ಇಂದಿಗೂ ತಲೆದೂಗುತ್ತೇನೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1790ರಷ್ಟು ಹಿಂದೆಯೇ, ಬಿಗಿದು ಕಾದಿದ್ದ ನಿರೀಕ್ಷೆ ಥಟ್ಟನೆ ಏನೂ ಇಲ್ಲದಂತಾದಾಗ ನಗು ಹುಟ್ಟುತ್ತದೆಂದು ವಿವರಿಸಿದ್ದ. ಉಸಿರು ಬಿಗಿಹಿಡಿದು ಕೂತವರ ಮುಂದೆ ದೆವ್ವ ಅಕ್ಷರ ಕೂಡಿಸಿ ಓದಿ ಹೊರಟುಹೋಗುವುದು ಅದಕ್ಕೆ ತಕ್ಕ ಉದಾಹರಣೆ.

ಆದರೆ ನಮ್ಮ ಆಲಂಕಾರಿಕರು ಈ ಸ್ನೇಹವನ್ನು ಒಪ್ಪಿರಲಿಲ್ಲ. 14ನೆಯ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯಕ್ಕೆ ಭಯಾನಕವನ್ನೂ ಕರುಣವನ್ನೂ ವಿರೋಧಿ ರಸಗಳೆಂದು ಎಣಿಸಿದ್ದಾನೆ. ಶಾಸ್ತ್ರ ಹಾಗೆನ್ನುತ್ತದೆ. ಜನಪದರು ಶಾಸ್ತ್ರ ಕೇಳಿಕೊಂಡು ಆಟ ಕಟ್ಟಿದವರಲ್ಲ. ನಮ್ಮ ಮೂಡಲಪಾಯ ಬಯಲಾಟದಲ್ಲಿ ರಕ್ಕಸನ ಆರ್ಭಟವನ್ನೂ ಹನುಮನಾಯಕನ ಚೇಷ್ಟೆಯನ್ನೂ ಒಂದೇ ರಂಗದ ಮೇಲೆ, ಒಂದೇ ರಾತ್ರಿ ನೋಡಬಹುದು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಶಾಲೆಯಿಂದ ಪ್ರವಾಸ ಹೋದಾಗ ಸೋಮನ ಕುಣಿತದ ಮುಖವಾಡಗಳ ಮುಂದೆ ನಿಂತು ಚಿಕ್ಕ ಮಕ್ಕಳ ಮುಖ ನೋಡಿ. ಒಂದು ಹೆಜ್ಜೆ ಹಿಂದಿಟ್ಟು ನಗುತ್ತಾರೆ, ನಕ್ಕು ಮತ್ತೆ ಮುಂದೆ ಬರುತ್ತಾರೆ.

‘ಸ್ತ್ರೀ’ ಚಿತ್ರದ ಬಹುಭಾಗದ ಮೋಜು ಇರುವುದು ಇನ್ನೊಂದು ಕಡೆ. ಆ ನಾಲ್ಕು ದಿನ ಊರಿನ ಕಟ್ಟಳೆಯೆಲ್ಲ ಬುಡಮೇಲಾಗುತ್ತದೆ. ಹೆಂಗಸರು ಕತ್ತಲಲ್ಲಿ ನಿರಾತಂಕವಾಗಿ ಓಡಾಡುತ್ತಾರೆ. ಗಂಡಸರು ಬಾಗಿಲ ಹಿಂದೆ ಕೂತು, ‘ಬೇಗ ಬಂದುಬಿಡು, ಒಬ್ಬನೇ ಇರಲು ಭಯವಾಗುತ್ತದೆ’ ಎಂಬಂತೆ ಗೋಗರೆಯುತ್ತಾರೆ. ಚಿತ್ರಮಂದಿರದಲ್ಲಿ ನನ್ನ ಮುಂದಿನ ಸಾಲಿನ ಕಾಲೇಜು ಹೆಣ್ಣುಮಕ್ಕಳು ಇಂಥ ದೃಶ್ಯಗಳಿಗೆ ನಕ್ಕ ನಗು ಬರೀ ತಮಾಷೆಯ ನಗುವಾಗಿರಲಿಲ್ಲ. ಸಂಜೆ ಏಳಕ್ಕೆ ಮನೆ ಸೇರಬೇಕು, ಒಬ್ಬಳೇ ಹೋಗಬೇಡ, ಕರೆದರೆ ತಿರುಗಿ ನೋಡಬೇಡ ಎಂಬ ಮಾತುಗಳನ್ನು ಅವರು ವರ್ಷಕ್ಕೆ ನಾಲ್ಕು ದಿನವಲ್ಲ, ಎಲ್ಲ ದಿನವೂ ಕೇಳಿದವರು. ಚಿತ್ರದಲ್ಲಿ ಈ ಬಗ್ಗೆ ಉಪದೇಶದ ಮಾತು ಹೆಚ್ಚಿಲ್ಲ. ಪಾತ್ರ ಅದಲುಬದಲು ಮಾಡಿ ಸುಮ್ಮನಾಗುತ್ತದೆ. ಆರು ವರ್ಷವಾದ ಮೇಲೂ ಜನ ಅದನ್ನು ಮರೆಯಲಿಲ್ಲ ಎಂಬುದಕ್ಕೆ 2024ರ ಆಗಸ್ಟ್ 15ರಂದು ಬಂದ ಎರಡನೆಯ ಭಾಗಕ್ಕೆ ದೊರೆತ ಸ್ವಾಗತವೇ ಸಾಕ್ಷಿ. ಆ ಎರಡನೆಯ ಭಾಗದಲ್ಲಿ ರುಂಡವಿಲ್ಲದ ಭೂತವೊಂದು ಹೊಸ ಕಾಲದ ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತದೆ. ಸದ್ದು ಜಾಸ್ತಿ, ಮೊದಲನೆಯದರ ಹದ ಕಡಿಮೆ ಎಂಬುದು ನನ್ನ ಅಭಿಪ್ರಾಯ. ನೀವು ಒಪ್ಪಬೇಕಾಗಿಲ್ಲ.

ಹೆಣ್ಣು ದೆವ್ವ ಕನ್ನಡ ತೆರೆಗೆ ಹೊಸದಲ್ಲ. 1979ರ ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ಅದು ಹೆದರಿಸಲೆಂದೇ ಬಂದದ್ದು. ಆ ಚಿತ್ರ ನೋಡಿ ರಾತ್ರಿ ಹಿತ್ತಲಿಗೆ ಹೋಗಲು ಅಂಜಿದವರು ನಿಮ್ಮ ಮನೆಯಲ್ಲೂ ಇರಬಹುದು. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯ ಭಯದ ಜೊತೆಗೆ ದ್ವಾರಕೀಶರ ನಡುಕದ ಹಾಸ್ಯವೂ ಸೇರಿತು, ಕೊನೆಗೆ ವಿಷ್ಣುವರ್ಧನರ ಮನೋವೈದ್ಯ ಅದನ್ನು ಮನಸ್ಸಿನ ಕಾಯಿಲೆಯೆಂದು ಗುರುತಿಸುತ್ತಾನೆ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಿರ್ದೇಶಕ ಜೆ.ಪಿ. ತುಮಿನಾಡು ಅವರ ಹೆಸರಿನಲ್ಲಿರುವ ತುಮಿನಾಡು, ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕಡೆಯದು. ಕರಾವಳಿಯ ಹಳ್ಳಿಯೊಂದರ ಯುವಕ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದು, ಅವಮಾನದಿಂದ ಪಾರಾಗಲು ಮೈಮೇಲೆ ಬಂದವನಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನಾ ಎಂಬ ತೀರಿಹೋದ ಹೆಂಗಸು ಅವನ ಮೈಮೇಲಿದ್ದಾಳೆಂದು ಊರು ನಂಬುತ್ತದೆ. ಇಲ್ಲಿ ದೆವ್ವವೇ ಇಲ್ಲ, ಇರುವುದು ಊರು. ನಕ್ಕು ನಕ್ಕು ಸಾಕಾಗುವಷ್ಟರಲ್ಲಿ ಆ ಸುಲೋಚನಾಳ ಮಗಳು ಎದುರಿಗೆ ಬರುತ್ತಾಳೆ. ಅವಳ ಕಷ್ಟ ಮಾತ್ರ ನಟನೆಯದಲ್ಲ.

ಇದೆಲ್ಲ ಸಿನಿಮಾದ ಮಾತಾಯಿತು. ‘ಸ್ತ್ರೀ’ ತೆರೆಗೆ ಬರುವ ಹಿಂದಿನ ವರ್ಷ, ಎಂದರೆ 2017ರಲ್ಲಿ, ರಾಜಸ್ಥಾನ, ಹರಿಯಾಣ, ದೆಹಲಿ, ಉತ್ತರ ಪ್ರದೇಶಗಳಲ್ಲಿ ಹೆಂಗಸರ ಜಡೆ ಯಾರೋ ಕಾಣದವರು ಕತ್ತರಿಸುತ್ತಾರೆಂಬ ವದಂತಿ ಎದ್ದಿತು. ಆ ಆಗಸ್ಟಿನಲ್ಲಿ ಆಗ್ರಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ವೃದ್ಧೆಯನ್ನು ಜಡೆ ಕತ್ತರಿಸುವ ಮಾಟಗಾತಿಯೆಂದು ಭಾವಿಸಿ ಜನ ಹೊಡೆದು ಕೊಂದರು. ಬೆಳಗಿನ ಜಾವ ಮನೆಯಿಂದ ಹೊರಗೆ ಬಂದಿದ್ದಳು, ಅಷ್ಟೇ ಅವಳ ತಪ್ಪು. ಚಿತ್ರದ ಸ್ತ್ರೀಯ ಶಕ್ತಿಯೂ ಜಡೆಯಲ್ಲೇ ಇದೆ ಎಂಬುದನ್ನು ನೋಡಿದಾಗ ನನಗೆ ಆ ಸುದ್ದಿ ನೆನಪಾಯಿತು. ಚಿತ್ರದಲ್ಲಿ ಊರಿನವರು ಅವಳನ್ನು ಕೊಲ್ಲುವುದಿಲ್ಲ. ಹಿಂದೆ ಅವಳನ್ನೂ ಅವಳು ಪ್ರೀತಿಸಿದವನನ್ನೂ ಮದುವೆಯ ರಾತ್ರಿಯೇ ಕೊಂದವರು ತಮ್ಮ ಊರಿನವರೇ ಎಂದು ತಿಳಿಯುತ್ತದೆ. ಮುಂದಿನ ವರ್ಷ ಅವಳು ಬಂದಾಗ ಗೋಡೆಯ ಬರಹ ಬದಲಾಗಿರುತ್ತದೆ: ಓ ಸ್ತ್ರೀ, ನಮ್ಮನ್ನು ಕಾಪಾಡು. ಅವಳು ಅದನ್ನೂ ಓದುತ್ತಾಳೆ.

ಇನ್ನು ನಮ್ಮ ಬೀದಿಗೆ ಹಿಂತಿರುಗುತ್ತೇನೆ. ಆ ಬೇಸಿಗೆಯ ಕಥೆಯ ಅರ್ಧವನ್ನಷ್ಟೇ ಹೇಳಿದ್ದೆ.

ನಮ್ಮದು ರೇಷ್ಮೆಯ ಸೀಮೆ. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ. ಹುಳು ಸಾಕುವ ಮನೆಯ ಹೆಂಗಸರು ದೆವ್ವವಿರಲಿ ಬಿಡಲಿ, ನಡುರಾತ್ರಿ ಎದ್ದು ಸೊಪ್ಪು ಹಾಕಲೇಬೇಕು. ನಮ್ಮಿಂದ ನಾಲ್ಕನೆಯ ಮನೆಯಾಕೆ ಹಾಗೆ ಎದ್ದವರು. ಗಂಡ ಗೂಡು ಮಾರಲು ಹೋಗಿ ಊರಿಗೆ ಮರಳಿರಲಿಲ್ಲ. ಮೂರು ವರ್ಷದ ಮಗುವಿಗೆ ಜ್ವರ ಏರಿ ಫಿಟ್ಸ್ ಬಂದಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ನಮ್ಮ ಬಾಗಿಲು ತಟ್ಟಿದರು, ‘ಅಣ್ಣಾ, ಅಣ್ಣಾ’ ಎಂದು ನಮ್ಮ ತಂದೆಯನ್ನು ಕೂಗಿದರು.

ನಾವೆಲ್ಲ ಎಚ್ಚರವಾಗಿದ್ದೆವು. ದನಿ ಯಾರದೆಂದು ಎಲ್ಲರಿಗೂ ಗೊತ್ತಾಯಿತು. ಗೊತ್ತಾದದ್ದೇ ತೊಂದರೆ, ಪರಿಚಯದ ದನಿಯಲ್ಲೇ ಅದು ಕೂಗುತ್ತದೆಂದು ಊರಿಗೆ ಊರೇ ಹೇಳಿತ್ತಲ್ಲ. ಅಪ್ಪ ಎದ್ದು ಕೂತರು. ಅಮ್ಮ ಅವರ ತೋಳು ಹಿಡಿದರು. ಅಜ್ಜಿ ಕೂಡ ಮಾತಾಡಲಿಲ್ಲ. ಹೊರಗಿನ ದನಿ ಇನ್ನೂ ಒಂದೆರಡು ಬಾರಿ ಕರೆದು, ನಿಂತು, ದೂರವಾಯಿತು.

ಆಕೆ ಕತ್ತಲಲ್ಲೇ ಹೆದ್ದಾರಿಯವರೆಗೆ ನಡೆದು ಒಂದು ಲಾರಿ ನಿಲ್ಲಿಸಿ ಚನ್ನಪಟ್ಟಣಕ್ಕೆ ಹೋದರೆಂದು ಬೆಳಿಗ್ಗೆ ತಿಳಿಯಿತು. ಮಗು ಉಳಿಯಿತು. ಅಮ್ಮ ಯಾರಿಗೂ ಏನೂ ಹೇಳದೆ ಒದ್ದೆ ಬಟ್ಟೆ ತಂದು ಬಾಗಿಲಿನ ಅಕ್ಷರ ಒರೆಸಿದರು. ಅಕ್ಷರ ನನ್ನದು. ಆಕೆ ನಮ್ಮನ್ನು ಬೈಯಲಿಲ್ಲ, ಜಗಳ ಕಾಯಲಿಲ್ಲ. ಆದರೆ ದಿನಾ ಮಜ್ಜಿಗೆಗೆ ಬರುತ್ತಿದ್ದವರು ಮಳೆ ಬೀಳುವವರೆಗೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

‘ಸ್ತ್ರೀ’ ನೋಡುವಾಗ ಎಲ್ಲರ ಜೊತೆ ನಾನೂ ನಕ್ಕೆ. ಗೋಡೆಯ ಬರಹ ಓದಿ ಆ ಹೆಂಗಸು ತಿರುಗಿ ಹೋಗುವ ದೃಶ್ಯ ಬಂದಾಗ ಮಾತ್ರ ನನಗೆ ನಗಲಾಗಲಿಲ್ಲ. ಒಳಗಿದ್ದವರ ಕಣ್ಣಿಂದ ನೋಡಿದರೆ ಅದು ತಮಾಷೆ. ಬಾಗಿಲಿನ ಆಚೆ ನಿಂತವಳಿಗೆ ಹೇಗೆ ಕಂಡೀತು ಎಂದು ಕೇಳಿಕೊಳ್ಳುವಂತೆ ಮಾಡುವ ಹಾಸ್ಯಚಿತ್ರಗಳು ಹೆಚ್ಚಿಲ್ಲ. ಮತ್ತೆ ಮತ್ತೆ ಇದನ್ನು ನೋಡಬೇಕೆನಿಸುವುದು ನನಗಂತೂ ಆ ಕಾರಣಕ್ಕೆ.

ಚಿತ್ರ ನೋಡಿದ ಮರುವರ್ಷ ಜಾತ್ರೆಗೆ ಊರಿಗೆ ಹೋದಾಗ ಆಕೆ ಗುಡಿಯ ಬಳಿ ಸಿಕ್ಕಿದರು. ಕೂದಲು ಬೆಳ್ಳಗಾಗಿದೆ. ಅಂದಿನ ಮಗು ಈಗ ಟೆಂಪೋ ಓಡಿಸುತ್ತಾನೆ. ಅವನೇ ಕರೆತಂದು ಬಿಟ್ಟಿದ್ದ. ಧೈರ್ಯ ಮಾಡಿ ಸಿನಿಮಾದ ಕಥೆ ಹೇಳಿದೆ, ಆ ರಾತ್ರಿಯ ಮಾತನ್ನೂ ಎತ್ತಿದೆ. ಆಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು.

‘ಅವತ್ತು ನಾನು, ದೆವ್ವ ಅಲ್ಲ ಕಣಣ್ಣೋ, ನಾನೇ ಕಣಣ್ಣೋ ಅಂತ ಕೂಗ್ದೆ ಮಗಾ. ಆಮೇಲೆ ಲಾರೀಲಿ ಕೂತ್ಕಂಡಾಗ ಒಳೀತು, ದೆವ್ವ ಬಂದಿದ್ರೂ ಅದುನ್ನೇ ತಾನೆ ಕೂಗ್ತಿದ್ದುದ್ದು?’