ಘಟ್ಟ ಹತ್ತುವ ಸಂಗೀತಗಾರರಿಗೆ ಕೆಲವು ಮಾತು



ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಹಾಡು ಬಲ್ಲವರಿಗೂ ವಾದ್ಯ ಬಲ್ಲವರಿಗೂ ಕೊರತೆ ಇಲ್ಲ. ಒಂದು ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಇನ್ನೊಂದು ಮನೆಯಲ್ಲಿ ಚೆಂಡೆ ಮದ್ದಳೆ ಇರುತ್ತದೆ. ಭಜನಾ ಮಂದಿರದ ತಾಳದಿಂದ ಸ್ವರಜ್ಞಾನ ಪಡೆದ ಮಕ್ಕಳು ಮುಂದೆ ಪಾಠಕ್ಕೆ ಸೇರಿ, ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿ, ವಿದ್ವತ್ತಿನ ಹೊತ್ತಿಗೆ ಒಂದು ಪ್ರಶ್ನೆಯ ಎದುರು ಬಂದು ನಿಲ್ಲುತ್ತಾರೆ. ಊರಲ್ಲೇ ಇರುವುದೋ, ಘಟ್ಟ ಹತ್ತುವುದೋ?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಅವರೇ. ನಾನು ಓದಿದ್ದು ವಿಜ್ಞಾನ, ಕೆಲಸ ಮಾಡುತ್ತಿರುವುದು ದೂರದರ್ಶನದಲ್ಲಿ. ಸ್ಟುಡಿಯೋಕ್ಕೆ ಬಂದು ಹೋಗುವ ಕಲಾವಿದರನ್ನು ಹತ್ತಿರದಿಂದ ನೋಡುವ ಅವಕಾಶ ನನಗಿದೆ. ಆ ಅನುಭವದ ಮೇಲೆ, ಹೊರಡುವ ಮುಂಚೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಹೋಗುವುದು ಯಾತಕ್ಕೆ ಎಂಬುದು ಸ್ಪಷ್ಟವಿರಬೇಕು. ವಿದ್ಯೆಗಾಗಿಯೋ, ಸಂಪಾದನೆಗಾಗಿಯೋ, ಹೆಸರಿಗಾಗಿಯೋ? ಮೂರೂ ಒಟ್ಟಿಗೆ ಬೇಕು ಎನ್ನುವವರೇ ಹೆಚ್ಚು. ಆದರೆ ನಗರ ಮೂರನ್ನೂ ಒಂದೇ ಸಲ ಕೊಡುವುದಿಲ್ಲ.

ನಮ್ಮ ಜಿಲ್ಲೆಯ ಕದ್ರಿ ಗೋಪಾಲನಾಥರ ಉದಾಹರಣೆ ಇಲ್ಲಿ ಉಪಯುಕ್ತ. ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿ, ತಂದೆಯವರಿಂದ ನಾಗಸ್ವರ ಕಲಿತವರು ಅವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ ಹೇಳಿಸಿಕೊಂಡರು. ಆ ಮೇಲೆ ಮದರಾಸಿಗೆ ಹೋದಾಗ ಅಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ಈ ಮಾತನ್ನು ಗಮನಿಸಬೇಕು. ಕೈಯಲ್ಲಿ ವಾದ್ಯ ಕುಳಿತಿದ್ದರೂ ಹೊಸ ಊರಿನಲ್ಲಿ ಅವರು ಮತ್ತೊಮ್ಮೆ ವಿದ್ಯಾರ್ಥಿಯಾದರು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದ್ದು, ೨೦೦೪ರಲ್ಲಿ ಪದ್ಮಶ್ರೀ ಬಂದದ್ದು ಎಲ್ಲ ನಂತರದ ಮಾತು. ೨೦೧೯ರಲ್ಲಿ ತೀರಿಕೊಳ್ಳುವ ತನಕವೂ ಅವರ ಹೆಸರಿನ ಮುಂದೆ ಕದ್ರಿ ಇತ್ತು.

ಹಾಗಾಗಿ ಹೊರಡುವ ಮುನ್ನ ಮನೆ ಹುಡುಕುವುದಕ್ಕಿಂತ ಮೊದಲು ಗುರುವನ್ನು ಹುಡುಕಿ. ಈಗಿನ ನಿಮ್ಮ ಗುರುಗಳಿಗೆ ಹೇಳಿ, ಅವರ ಒಪ್ಪಿಗೆ ಪಡೆದು, ಅವರ ಮೂಲಕವೇ ಹೊಸ ಗುರುಗಳನ್ನು ಕಾಣುವುದು ಎಲ್ಲಕ್ಕಿಂತ ಒಳ್ಳೆಯದು. ಸಂಗೀತದ ಲೋಕ ಹೊರಗಿನಿಂದ ದೊಡ್ಡದಾಗಿ ಕಂಡರೂ ಒಳಗೆ ಒಂದು ಕೂಡುಕುಟುಂಬದಷ್ಟೇ ಇದೆ. ಯಾರು ಯಾರಿಗೆ ಹೇಳದೆ ಬಂದರು ಎಂಬುದು ವಾರದೊಳಗೆ ಎಲ್ಲರಿಗೂ ಗೊತ್ತಾಗುತ್ತದೆ.

ಎರಡನೆಯದು ಮನೆಯ ವಿಚಾರ. ನಮ್ಮಲ್ಲಿ ಅಡಿಕೆ ತೋಟದ ನಡುವಿನ ಮನೆಯಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಎಷ್ಟು ಜೋರಾಗಿ ಅಕಾರ ಸಾಧನೆ ಮಾಡಿದರೂ ಕೇಳುವುದು ಮನೆಯ ನಾಯಿ ಮಾತ್ರ. ಅದಕ್ಕೆ ಕಾರಣ ಸರಳ. ಬಯಲಿನಲ್ಲಿ ದೂರ ಇಮ್ಮಡಿಯಾದ ಹಾಗೆಲ್ಲ ಶಬ್ದದ ಮಟ್ಟ ಸುಮಾರು ೬ ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ೮೦ ಡೆಸಿಬೆಲ್ ಇರುವ ಕಂಠ ೬೪ ಮೀಟರ್ ಆಚೆಯ ಮನೆ ಮುಟ್ಟುವಾಗ ೪೪ಕ್ಕೆ ಬಂದಿರುತ್ತದೆ. ಅಷ್ಟು ಸದ್ದನ್ನು ಜೀರುಂಡೆಗಳೇ ಮಾಡುತ್ತವೆ.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಿಮಗೂ ಪಕ್ಕದವರಿಗೂ ನಡುವೆ ಇರುವುದು ಒಂದು ಗೋಡೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ ೫೫, ರಾತ್ರಿಗೆ ೪೫ ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ನಿಮ್ಮ ಬ್ರಾಹ್ಮೀ ಮುಹೂರ್ತ ಕಾನೂನಿನ ಲೆಕ್ಕದಲ್ಲಿ ರಾತ್ರಿಯೇ! ಆದ್ದರಿಂದ ಮನೆ ನೋಡಲು ಹೋದಾಗ ನೀರು, ಗಾಳಿ, ಬೆಳಕು ವಿಚಾರಿಸುವಂತೆ ನಾನು ಸಂಗೀತದವನು, ದಿನಕ್ಕೆ ಇಷ್ಟು ಗಂಟೆ ಅಭ್ಯಾಸ ಮಾಡುತ್ತೇನೆ, ಮಕ್ಕಳು ಪಾಠಕ್ಕೆ ಬರುತ್ತಾರೆ ಎಂದು ಮೊದಲೇ ಹೇಳಿಬಿಡಿ. ಮುಂಗಡ ಕೊಟ್ಟ ಮೇಲೆ ತಗಾದೆ ಬಂದರೆ ಕಷ್ಟ ನಿಮ್ಮದೇ. ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವವರೂ ಅಲ್ಲಿ ಇದ್ದಾರೆ.

ಕೆಲವು ಉಪಾಯಗಳಿವೆ. ಇಟ್ಟಿಗೆ ಗೋಡೆ ಸಾಕಷ್ಟು ಶಬ್ದ ತಡೆಯುತ್ತದೆ. ಸೋರುವುದು ಕಿಟಕಿ, ಬಾಗಿಲ ಸಂದುಗಳಿಂದ. ಪಕ್ಕದವರ ಮಲಗುವ ಕೋಣೆಗೆ ತಾಗದ ಕೋಣೆಯನ್ನು ಆರಿಸಿಕೊಳ್ಳಿ. ಮೃದಂಗದ ಎಡದ ಮಂದ್ರನಾದ ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ದಪ್ಪ ಹತ್ತಿಯ ಹಾಸಿಗೆಯ ಮೇಲೆ ಕುಳಿತರೆ ಬಹಳ ಕಡಿಮೆಯಾಗುತ್ತದೆ. ಇವೆಲ್ಲಕ್ಕಿಂತ ದೊಡ್ಡ ಉಪಾಯ, ಪಕ್ಕದ ಮನೆಯವರನ್ನು ಒಮ್ಮೆ ಕರೆದು ಹಾಡು ಕೇಳಿಸಿ ಕಾಫಿ ಕೊಡುವುದು.

ಮೂರನೆಯದು ವಾದ್ಯದ ಆರೋಗ್ಯ. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಊರಿನ ಗಾಳಿ ನೀರಿನಿಂದ ತುಂಬಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಗಾಳಿ ಒಣಗಿರುತ್ತದೆ. ಚರ್ಮ ತೇವ ಹೀರಿದರೆ ಸಡಿಲವಾಗಿ ಶ್ರುತಿ ಇಳಿಯುತ್ತದೆ, ಒಣಗಿದರೆ ಬಿಗಿದು ಏರುತ್ತದೆ. ಊರಲ್ಲಿ ಬಿಗಿಯಾಗಿ ಕಟ್ಟಿಸಿದ ಮೃದಂಗದ ಮುಚ್ಚಿಗೆ ಅಲ್ಲಿ ಹರಿಯುವ ಸಂಭವ ಇದೆ. ಮರವೂ ಹಾಗೆಯೇ, ಒಣಗಿದಾಗ ಕುಗ್ಗುತ್ತದೆ. ಪಿಟೀಲಿನ ಅಂಟಿನ ಕೀಲು ಬಿಡಬಹುದು, ಬಿದಿರಿನ ಕೊಳಲು ಸೀಳಬಹುದು. ವೀಣೆಯವರು ಚೆನ್ನೈಗೆ ಹೋಗುವುದಾದರೆ ಬೇರೆಯೇ ಚಿಂತೆ. ಅಲ್ಲಿಯ ಸೆಕೆಗೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ.

ಕೊಳಲಿನವರಿಗೆ ಇನ್ನೊಂದು ಮಾತು. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದದ ವೇಗ ಹೆಚ್ಚು. ೨೦ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರ್, ೩೨ ಡಿಗ್ರಿಯಲ್ಲಿ ಸುಮಾರು ೩೫೦. ಈ ವ್ಯತ್ಯಾಸದಿಂದ ಅದೇ ಕೊಳಲಿನ ಶ್ರುತಿ ಹೆಚ್ಚುಕಡಿಮೆ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಬದಲಾಗುತ್ತದೆ. ಉಸಿರಿನ ಶಾಖದಿಂದ ಸ್ವಲ್ಪ ಸರಿಹೋದರೂ, ಪುತ್ತೂರಿನ ಮಧ್ಯಾಹ್ನ ಸರಿಯಾಗಿದ್ದ ಕೊಳಲು ಬೆಂಗಳೂರಿನ ಮಾಗಿಯ ಬೆಳಿಗ್ಗೆ ಇಳಿದೇ ಕೇಳುತ್ತದೆ. ನಮ್ಮ ಹವಾನಿಯಂತ್ರಿತ ಸ್ಟುಡಿಯೋದಲ್ಲೂ ಇದೇ ತೊಂದರೆ. ಬಂದ ಕೂಡಲೇ ಶ್ರುತಿ ಮಾಡಬೇಡಿ. ವಾದ್ಯವನ್ನು ಹೊರತೆಗೆದು ಅರ್ಧ ಗಂಟೆ ಆ ಗಾಳಿಗೆ ಒಗ್ಗಲು ಬಿಟ್ಟು ಆಮೇಲೆ ಶ್ರುತಿ ಮಾಡಿ.

ಹೊಸ ಊರಿಗೆ ಹೋದ ಮೊದಲ ವಾರದಲ್ಲೇ ವಾದ್ಯ ರಿಪೇರಿ ಮಾಡುವವರ ಅಂಗಡಿ ಎಲ್ಲಿದೆ ಎಂದು ಹಿರಿಯ ಕಲಾವಿದರಲ್ಲಿ ಕೇಳಿ ತಿಳಿದುಕೊಳ್ಳಿ. ವೈದ್ಯರ ವಿಳಾಸದಷ್ಟೇ ಅದು ಮುಖ್ಯ.

ನಾಲ್ಕನೆಯದು ಹೊಟ್ಟೆಪಾಡು. ಕಛೇರಿಯ ಸಂಭಾವನೆಯಿಂದ ಮೊದಲ ವರ್ಷದ ಬಾಡಿಗೆ ಕಟ್ಟುತ್ತೇನೆ ಎಂದು ಯಾರೂ ಲೆಕ್ಕ ಹಾಕಬಾರದು. ಹೊಸಬರ ಅನ್ನಕ್ಕೆ ಆಧಾರ ಪಾಠ. ಎರಡನೆಯ ಆಧಾರ ನೃತ್ಯ ಶಾಲೆಗಳು. ಭರತನಾಟ್ಯದ ತರಗತಿಗಳಿಗೆ ಹಾಡುವವರು, ಮೃದಂಗ, ಕೊಳಲು ನುಡಿಸುವವರು ಯಾವಾಗಲೂ ಬೇಕು. ಇದನ್ನು ಕೀಳೆಂದು ಎಣಿಸಬೇಡಿ. ಲಯ ಇಷ್ಟು ಗಟ್ಟಿಯಾಗುವ ಜಾಗ ಬೇರೆ ಇಲ್ಲ. ಆರು ತಿಂಗಳ ಖರ್ಚಿಗೆ ಆಗುವಷ್ಟಾದರೂ ಹಣ ಕೈಯಲ್ಲಿ ಇಟ್ಟುಕೊಂಡೇ ಹೊರಡಿ. ವೇದಿಕೆ ಕೊಡಲು ಕಲಾವಿದರಿಂದಲೇ ಹಣ ಕೇಳುವವರು ಸಿಕ್ಕಿದರೆ ನಮಸ್ಕಾರ ಹೇಳಿ ಬನ್ನಿ. ಧ್ವನಿಮುದ್ರಣಕ್ಕೆ ಕರೆದರೆ ಕರಾರುಪತ್ರ ಓದದೆ ಸಹಿ ಹಾಕಬೇಡಿ. ೧೯೫೭ರ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಆದ ತಿದ್ದುಪಡಿ ಹಾಡುವವರಿಗೂ ನುಡಿಸುವವರಿಗೂ ಕೆಲವು ಹಕ್ಕುಗಳನ್ನು ಕೊಟ್ಟಿದೆ.

ಮಂಗಳೂರು ಆಕಾಶವಾಣಿ ೧೯೭೬ರಲ್ಲಿ ಆರಂಭವಾದಂದಿನಿಂದ ನಮ್ಮ ಕಡೆಯ ಎಷ್ಟೋ ಕಲಾವಿದರಿಗೆ ಅದರ ಧ್ವನಿಪರೀಕ್ಷೆಯೇ ಮೊದಲ ಮೆಟ್ಟಿಲು. ಸಾಧ್ಯವಿದ್ದರೆ ಆ ಶ್ರೇಣಿಯನ್ನು ಪಡೆದೇ ಘಟ್ಟ ಹತ್ತಿ. ಶಾಸ್ತ್ರೀಯ ಸಂಗೀತದಲ್ಲಿ ದೂರದರ್ಶನವೂ ಅದನ್ನು ಗಮನಿಸುತ್ತದೆ. ವಿಳಾಸ ಬದಲಾದರೆ ಕೇಂದ್ರಕ್ಕೆ ಬರೆದು ತಿಳಿಸುವುದನ್ನು ಮರೆಯಬೇಡಿ.

ನೀವು ಹೋಗುವುದಕ್ಕಿಂತ ಮುಂಚೆ ನಿಮ್ಮ ಧ್ವನಿ ಹೋಗಿದ್ದರೆ ಇನ್ನೂ ಒಳ್ಳೆಯದು. ಸುಬ್ರಹ್ಮಣ್ಯ ಮಠದ ಪೀಠದಲ್ಲಿದ್ದ ವಿದ್ಯಾಭೂಷಣರು ೧೯೯೭ರಲ್ಲಿ ಅದನ್ನು ಬಿಟ್ಟು ಮುಂದೆ ಬೆಂಗಳೂರಿನಲ್ಲಿ ನೆಲೆಸಿದಾಗ, ಅವರ ದಾಸರ ಪದಗಳು ಕ್ಯಾಸೆಟ್ಟುಗಳ ಮೂಲಕ ಆಗಲೇ ಮನೆಮನೆಯಲ್ಲಿ ಕೇಳುತ್ತಿದ್ದವು. ಈಗ ಒಳ್ಳೆಯ ಮುದ್ರಣ ಮಾಡಿ ಕಳಿಸುವುದು ಕ್ಯಾಸೆಟ್ಟಿನ ಕಾಲಕ್ಕಿಂತ ಸುಲಭ. ಹತ್ತು ನಿಮಿಷದ ಒಂದೇ ಕೃತಿ ಇರಲಿ, ಶ್ರುತಿಶುದ್ಧವಾಗಿ ಇರಲಿ.

ನಮ್ಮವರಿಗೆ ಒಂದು ಅನುಕೂಲವೂ ಇದೆ. ಮನೆಯಲ್ಲಿ ತುಳುವೋ, ಅರೆಭಾಷೆಯೋ, ಹವ್ಯಕ ಕನ್ನಡವೋ ಆಡಿದರೂ ನಾವು ಪುಸ್ತಕದ ಕನ್ನಡವನ್ನು ಅಕ್ಷರ ಬಿಡಿಸಿ ಮಾತನಾಡುತ್ತೇವೆ. ಬೆಂಗಳೂರಿನಲ್ಲಿ ಇದಕ್ಕೆ ಮೊದಲು ನಗುತ್ತಾರೆ. ಅದೇ ಉಚ್ಚಾರ ದೇವರನಾಮದಲ್ಲಿ, ಭಾವಗೀತೆಯಲ್ಲಿ ಬಂದಾಗ ಮೆಚ್ಚುತ್ತಾರೆ. ಪುತ್ತೂರು ನರಸಿಂಹ ನಾಯಕರಂಥವರ ಹಾಡು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಐದನೆಯದು ಪಂಚಾಂಗ. ಬೆಂಗಳೂರಿನ ಸಂಗೀತಕ್ಕೆ ರಾಮನವಮಿಯೇ ದೊಡ್ಡ ಸುಗ್ಗಿ. ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿ ೧೯೩೯ರಿಂದ ಈ ಉತ್ಸವ ನಡೆಸುತ್ತ ಬಂದಿದೆ. ೧೯೦೫ರಲ್ಲಿ ಹುಟ್ಟಿದ ಗಾಯನ ಸಮಾಜವಿದೆ, ೧೯೮೦ರಲ್ಲಿ ತೆರೆದ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನವಿದೆ. ಮೊದಲ ವರ್ಷ ಇಲ್ಲೆಲ್ಲ ಕೇಳುಗರಾಗಿ ಕುಳಿತುಕೊಳ್ಳಿ. ಸಭೆಯವರು ಮುಖ ಗುರುತಿಸುವುದು ಹಾಗೆಯೇ. ಕಛೇರಿ ಮುಗಿಯುವಾಗ ರಾತ್ರಿ ಒಂಬತ್ತಾಗಬಹುದು. ಮುಖ್ಯವಾಗಿ ಹೆಣ್ಣುಮಕ್ಕಳು ಮನೆ ಹಿಡಿಯುವಾಗ, ತಂಬೂರಿ ಹಿಡಿದು ಆ ಹೊತ್ತಿಗೆ ಬಸ್ಸಿನಲ್ಲೋ ಮೆಟ್ರೋದಲ್ಲೋ ಮನೆ ಸೇರಬಹುದೇ ಎಂದು ನೋಡಿಕೊಳ್ಳಬೇಕು.

ಆದರೆ ರಾಮನವಮಿಯ ಕಾಲಕ್ಕೇ ಏಪ್ರಿಲಿನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ. ಸುಬ್ರಹ್ಮಣ್ಯದ ಷಷ್ಠಿ ಬರುವ ಹೊತ್ತಿಗೆ ಚೆನ್ನೈಯಲ್ಲಿ ಮಾರ್ಗಳಿಯ ಕಛೇರಿಗಳ ಸಿದ್ಧತೆ. ಎರಡು ಕಡೆಗೂ ಮಾತು ಕೊಟ್ಟರೆ ನಡುವೆ ಘಟ್ಟ ಇದೆ ಎಂಬುದು ನೆನಪಿರಲಿ. ಮೀಟರ್ ಗೇಜ್ ಬದಲಾಯಿಸಲು ನಿಲ್ಲಿಸಿದ್ದ ಪ್ರಯಾಣಿಕರ ರೈಲು ೨೦೦೭ರ ಡಿಸೆಂಬರಿನಲ್ಲಿ ಮತ್ತೆ ಓಡಿದ ಮೇಲೆ, ಕಬಕ ಪುತ್ತೂರಿನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯುವುದು ಸಾಧ್ಯವಾಯಿತು. ಆದರೆ ೨೦೧೮ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಪಾಜೆ, ಶಿರಾಡಿ, ರೈಲು ಹಳಿ ಮೂರೂ ಕಡೆ ಸಂಚಾರ ನಿಂತಿತು. ಮಳೆಗಾಲದಲ್ಲಿ ಕಾರ್ಯಕ್ರಮ ಒಪ್ಪಿಕೊಂಡರೆ ಒಂದು ದಿನ ಮುಂಚಿತವಾಗಿ ಹೊರಡಬೇಕು.

ಕೊನೆಯದಾಗಿ, ಬಿಟ್ಟು ಹೋಗುವ ಊರಿನ ಮಾತು. ಪಾಠ ಹೇಳುವ ಒಬ್ಬರು ಹೋದರೆ ಆ ಊರಿನ ಹತ್ತು ಮಕ್ಕಳ ಸಂಗೀತ ನಿಲ್ಲುತ್ತದೆ. ಫೋನಿನಲ್ಲೇ ಪಾಠ ಹೇಳುತ್ತೇನೆ ಎನ್ನುವವರಿದ್ದಾರೆ. ಅದು ಅರ್ಧ ಸರಿ. ಗುರು ಹಾಡಿ, ಶಿಷ್ಯ ಮರಳಿ ಹಾಡುವುದಕ್ಕೆ ಅಡ್ಡಿ ಇಲ್ಲ. ಆದರೆ ಅಂತರ್ಜಾಲದಲ್ಲಿ ಧ್ವನಿ ತುಸು ತಡವಾಗಿ ಮುಟ್ಟುವುದರಿಂದ ಇಬ್ಬರೂ ಒಟ್ಟಿಗೆ ತಾಳ ಹಾಕಿ ಹಾಡಲು ಆಗುವುದಿಲ್ಲ. ಎಳೆಯ ಮಕ್ಕಳಿಗೆ ಬೇಕಾದದ್ದು ಅದೇ. ಹೊರಡುವ ಮುನ್ನ ಆ ಮಕ್ಕಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಹೋಗುವುದು ಹೊರಡುವವರ ಕರ್ತವ್ಯ.

ಹೋಗದೆ ಇರುವುದೂ ಒಂದು ದಾರಿ, ಅದು ಸೋಲಲ್ಲ. ಉಪ್ಪಿನಂಗಡಿಯ ಹತ್ತಿರದ ಕಾಂಚನದಲ್ಲಿ ಕಾಂಚನ ವೆಂಕಟಸುಬ್ರಹ್ಮಣ್ಯ ಅಯ್ಯರ್ ಹಳ್ಳಿಯಲ್ಲೇ ಸಂಗೀತ ಶಾಲೆ ಕಟ್ಟಿದರು. ಶಿಷ್ಯರು ಗುರುಗಳ ಮನೆಯಲ್ಲಿ ಉಳಿದು ಕಲಿತರು. ಇನ್ನು ನಮ್ಮ ಯಕ್ಷಗಾನದ ಭಾಗವತರನ್ನು ನೋಡಿ. ಮೇಳ ಹೊರಟಂದಿನಿಂದ ಪತ್ತನಾಜೆಯ ತನಕ ರಾತ್ರಿಗೊಂದು ಊರು, ಮಳೆ ಶುರುವಾದಾಗ ಮರಳಿ ಮನೆ. ೨೦೨೧ರಲ್ಲಿ ತೀರಿಕೊಂಡ ಪದ್ಯಾಣ ಗಣಪತಿ ಭಟ್ಟರಂಥವರು ಹೀಗೆಯೇ ಹಾಡಿ ಜಿಲ್ಲೆಯ ಆಚೆಗೂ ಹೆಸರಾದರು. ಹಾಗಾಗಿ ಒಂದೇ ಸಲ ಮನೆ ಖಾಲಿ ಮಾಡಿ ಹೊರಡಬೇಕೆಂದಿಲ್ಲ. ಮೊದಲು ಒಂದು ಮಳೆಗಾಲ, ಊರಲ್ಲಿ ಕಾರ್ಯಕ್ರಮಗಳು ಇಲ್ಲದ ನಾಲ್ಕು ತಿಂಗಳು, ಹೋಗಿ ಇದ್ದು ನೋಡಬಹುದು. ಅಲ್ಲಿಯ ಪಾಠ ಮನಸ್ಸಿಗೆ ಹಿಡಿದರೆ, ಖರ್ಚಿನ ಲೆಕ್ಕ ಕೂಡಿ ಬಂದರೆ, ದೀಪಾವಳಿ ಮುಗಿಸಿ ಧೈರ್ಯವಾಗಿ ಹೊರಡಿ. ಹಿಡಿಯದಿದ್ದರೆ ಕಲಿತಷ್ಟನ್ನು ತಂದು ಇಲ್ಲಿಯ ಮಕ್ಕಳಿಗೆ ಹೇಳಿಕೊಡಿ.

ಹೋಗುವವರಿಗೂ ಉಳಿಯುವವರಿಗೂ ಶುಭವಾಗಲಿ.